ಸಂಘದ ಅಧ್ಯಕ್ಷೆ ಆಗಿದ್ದೇನೆ, ಬೈಬಲಿನ ಯಾವ ಹೆಣ್ಣುಮಗಳಿಂದ ಕಲಿಯಲಿ?

ಖಣದ ಮನಿ, ಗುಳೇದಗುಡ್ಡ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಮ್ಮದು ನೇಕಾರರ ಮನೆ. ಯಜಮಾನರು ಕುಣಿಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಾರೆ, ಕಂಡಿಕೆಗೆ ನೂಲು ಸುತ್ತುವುದು ನನ್ನ ಕೆಲಸ. 1851ರಲ್ಲಿ ಬಾಸೆಲ್ ಮಿಷನ್‌ನವರು ನಮ್ಮೂರಿಗೆ ಬಂದರಲ್ಲ, ಅವರ ಆ ಕ್ರೈಸ್ತ ಸಭೆಯಲ್ಲೇ ನಮ್ಮ ಮನೆತನ ಬೆಳೆದದ್ದು.

ಈ ವರ್ಷ ಓಣಿಯ ಸ್ತ್ರೀಶಕ್ತಿ ಸಂಘಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದರು. ಹದಿನೆಂಟು ಮಂದಿ ಇದ್ದೇವೆ, ಎಲ್ಲ ಜಾತಿ-ಮತದವರೂ. ವಾರಕ್ಕೆ ಐವತ್ತು ರೂಪಾಯಿ ಉಳಿತಾಯ, ಅದರ ಮೇಲೆ ಸಾಲ. ಹೋದ ತಿಂಗಳು ಒಬ್ಬಾಕೆ ಎರಡನೇ ಸಾಲ ಕೇಳಿದಳು. ಮೊದಲನೆಯದರ ನಾಲ್ಕು ಕಂತು ಹಾಗೇ ನಿಂತಿದ್ದವು. ಸಭೆ ಕೂಡಿ ಸದ್ಯಕ್ಕೆ ಆಗುವುದಿಲ್ಲ ಎಂದು ಠರಾವು ಬರೆದೆವು. ಅವತ್ತೇ ರಾತ್ರಿ ಎಂಟರ ಸುಮಾರಿಗೆ ಆಕೆಯ ಗಂಡ ಕುಡಿದು ನಮ್ಮ ಬಾಗಿಲಿಗೆ ಬಂದ. ಠರಾವು ಪುಸ್ತಕ ಕಿತ್ತುಕೊಂಡು ಅಂಗಳಕ್ಕೆ ಎಸೆದ. ನನ್ನ ಕೈಯಲ್ಲಿ ಕಂಡಿಕೆ ಇತ್ತು, ನೂಲು ಹರಿದು ಬೆರಳಿಗೆ ಸುತ್ತಿಕೊಂಡಿತ್ತು, ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕೊನೆಗೆ ನಮ್ಮ ಅತ್ತೆ ಎದ್ದು ಬಂದು ಅವನನ್ನು ಕಳಿಸಿದರು. ಅವತ್ತಿನಿಂದ ಈ ಜವಾಬ್ದಾರಿಗೆ ನಾನು ತಕ್ಕವಳಾ ಎಂದು ಮನಸ್ಸು ಕುಟುಕುತ್ತಿದೆ.

ಇದರ ನಡುವೆ ಸ್ತ್ರೀಯರ ಆರಾಧನೆಯ ರವಿವಾರ ಹದಿನೈದು ನಿಮಿಷ ಮಾತಾಡಲು ನನಗೇ ಹೇಳಿದ್ದಾರೆ. ಎಲ್ಲರೂ ಎಸ್ತೇರಳ ಮೇಲೆ ಮಾತಾಡು ಅನ್ನುತ್ತಾರೆ. ಆಕೆ ರಾಣಿ, ಅರಮನೆಯಲ್ಲಿದ್ದವಳು. ನಾನು ಕಂತು ಕಟ್ಟದವರ ಬಾಗಿಲಲ್ಲಿ ನಿಲ್ಲಬೇಕಾದವಳು. ನನ್ನಂಥವಳಿಗೆ ಹೊಂದುವ ಹೆಣ್ಣುಮಗಳು ಯಾರಿದ್ದಾರೆ, ದಯವಿಟ್ಟು ಹೇಳಿರಿ.

ನಿವೃತ್ತ ಟೀಚರ್, ನವನಗರ

ತಂಗಿ, ನೀ ಬರದದ್ದು ಎರಡು ಸಲ ಓದಿದೆ. 1 ಸಮುವೇಲ ಪುಸ್ತಕದ 25ನೇ ಅಧ್ಯಾಯ ತಗದು ಇಟ್ಕೋ, ಅಬೀಗೈಲಳ ಕಥಿ. ಅಕಿ ಗಂಡ ನಾಬಾಲನಿಗೆ ಮೂರು ಸಾವಿರ ಕುರಿ, ಒಂದು ಸಾವಿರ ಆಡು. ಅವನ ಕುರುಬರನ್ನ, ಮುಂದ ಅರಸ ಆಗೋ ದಾವೀದನ ಮಂದಿ ಅಡವಿಯೊಳಗ ಹಗಲು-ರಾತ್ರಿ ಕಾದಿದ್ರು. ಕುರಿ ಉಣ್ಣೆ ಕತ್ತರಿಸೋ ಹಬ್ಬದ ದಿನ ಒಂದಿಷ್ಟು ಊಟಕ್ಕ ಕೊಡು ಅಂತ ಕೇಳಿ ಕಳಿಸಿದ್ರ, "ದಾವೀದ ಅಂದ್ರ ಯಾರು?" ಅಂತ ಬೈದು ಕಳಿಸಿದ. ದಾವೀದ ನಾನೂರು ಮಂದಿಗೆ ಕತ್ತಿ ಕಟ್ಟಿಸಿ ಹೊರಟೇ ಬಿಟ್ಟ.

ಈಗ ಅಕಿ ಏನು ಮಾಡಿದಳು ನೋಡು. ಸುದ್ದಿ ತಂದಾತ ಮನಿ ಆಳು. ಆಳಿನ ಮಾತು ಅಂತ ತಳ್ಳಿ ಹಾಕಲಿಲ್ಲ, ಪೂರಾ ಕೇಳಿದಳು. ಆಳುಗಳು ಧೈರ್ಯ ಮಾಡಿ ಬಂದು ಹೇಳೂ ಹಂಗ ಮದಲಿಂದನೂ ನಡಕೊಂಡಿರಬೇಕು ಅಂತ ನನಗ ಅನಸ್ತದ. ಆಮ್ಯಾಲ ಅಳಕೋತ ಕೂಡಲಿಲ್ಲ. ಇನ್ನೂರು ರೊಟ್ಟಿ, ಎರಡು ಬುದ್ದಲಿ ದ್ರಾಕ್ಷಾರಸ, ಐದು ಕುರಿ ಮಾಂಸ, ಹುರಿಗಾಳು, ನೂರು ಒಣದ್ರಾಕ್ಷಿ ಗೊಂಚಲು, ಇನ್ನೂರು ಅಂಜೂರದ ಉಂಡಿ, ಎಲ್ಲಾ ಕತ್ತೆಗಳ ಮ್ಯಾಲ ಹೇರಿಸಿ ಮುಂದ ಕಳಿಸಿ, ತಾ ಹಿಂದ ಹೊಂಟಳು. ಮಾತಿಗಿಂತ ಮದಲ ಊಟ ಹೋಗಿ ಮುಟ್ಟಬೇಕು ಅಂತ. ಹಸದ ಮಂದಿಗೆ ಬರೇ ಬುದ್ಧಿ ಹೇಳಿದ್ರ ಯಾರು ಕೇಳ್ತಾರ? ಆಮ್ಯಾಲ ದಾವೀದನ ಮುಂದ ಬಗ್ಗಿ ಮಾತಾಡಿ ಅವನ ಸಿಟ್ಟು ಇಳಿಸಿದಳು.

ನಿನಗ ಬೇಕಾದ್ದು ಇನ್ನ ಮುಂದ ಐತಿ. ಮನಿಗೆ ತಿರುಗಿ ಬಂದಾಗ ನಾಬಾಲ ಕುಡದು ತೇಲಾಡಾಕತ್ತಿದ್ದ. ಅಕಿ ಅವತ್ತು ರಾತ್ರಿ ಒಂದು ಮಾತೂ ಆಡಲಿಲ್ಲ. ಹೊತ್ತು ಹೊಂಟು ನಿಶೆ ಇಳದ ಮ್ಯಾಲ ಎಲ್ಲಾ ಹೇಳಿದಳು. ನೀ ಅವತ್ತು ಸುಮ್ಮನಿದ್ದದ್ದು ತಪ್ಪಲ್ಲ ತಂಗಿ. ಕುಡದವನ ಕೂಡ ಯಾರೂ ಲೆಕ್ಕ ಮಾತಾಡಬಾರದು. ಆದರ ಮರುದಿನ ಮುಂಜಾನೆ ಹೋಗಿ ಮಾತಾಡಿದೇನು? ಅದನ್ನ ನೀ ಬರದಿಲ್ಲ.

ಕ್ಯಾಂಪ್ ಹುಡುಗಿ, ಬೆಳಗಾವಿ

ಟೀಚರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಅಬೀಗೈಲಳ ಕಥೆಯನ್ನು ನಮಗೆ ಚಿಕ್ಕಂದಿನಿಂದ ಹೇಳಿದ್ದೇ ಬೇರೆ ರೀತಿ. ಗಂಡಸರು ಸಿಟ್ಟಾಗುತ್ತಾರೆ, ಹೆಂಗಸರು ಅಡಿಗೆ ಮಾಡಿಕೊಂಡು ಹೋಗಿ ಕಾಲಿಗೆ ಬಿದ್ದು ಸಮಾಧಾನ ಮಾಡಬೇಕು. ಅಕ್ಕನ ಮನೆಗೆ ಬಂದು ಗಲಾಟೆ ಮಾಡಿದವನಿಗೆ ಅಕ್ಕನೇ ರೊಟ್ಟಿ ಒಯ್ಯಬೇಕಾ?

ನಾನಾದರೆ ಇಸ್ರಾಯೇಲರ ಪ್ರವಾದಿನಿ ದೆಬೋರಳನ್ನು ಆರಿಸುತ್ತೇನೆ. ರಾಮಾ ಮತ್ತು ಬೇತೇಲಿನ ನಡುವೆ ಒಂದು ಖರ್ಜೂರದ ಮರದ ಕೆಳಗೆ ಕೂತು ನ್ಯಾಯ ಹೇಳುತ್ತಿದ್ದಳು, ಜನ ಬೆಟ್ಟ ಹತ್ತಿ ಅವಳಲ್ಲಿಗೇ ಬರುತ್ತಿದ್ದರು. ಶತ್ರುಗಳ ಹತ್ತಿರ ಒಂಬೈನೂರು ಕಬ್ಬಿಣದ ರಥ, ಇಪ್ಪತ್ತು ವರ್ಷದ ದಬ್ಬಾಳಿಕೆ. ಹತ್ತು ಸಾವಿರ ಜನರನ್ನು ಕಟ್ಟಿಕೊಂಡು ಹೋಗು ಎಂದರೆ ಸೇನಾಪತಿ ಬಾರಾಕ ನೀನು ಬಂದರೆ ಮಾತ್ರ ಹೋಗುತ್ತೇನೆ ಎಂದ. ಅವನನ್ನು ಹೀಯಾಳಿಸಲಿಲ್ಲ, ಎದ್ದು ಅವನ ಜೊತೆ ನಡೆದಳು. ಗೆದ್ದ ಮೇಲೆ ಹಾಡಿದ ಹಾಡಿನಲ್ಲಿ ಯಾವ ಕುಲದವರು ಬಂದರು, ಯಾರು ಕುರಿಹಟ್ಟಿಯಲ್ಲೇ ಉಳಿದರು, ಯಾರು ಹಡಗಿನ ಹತ್ತಿರವೇ ನಿಂತರು ಎಂದು ಹೆಸರು ಹಿಡಿದು ಹೇಳಿದ್ದಾಳೆ. ನ್ಯಾಯಸ್ಥಾಪಕರು 5ನೇ ಅಧ್ಯಾಯ. ಅದೂ ಒಂದು ರೀತಿ ಠರಾವು ಪುಸ್ತಕವೇ ಅಲ್ಲವಾ ಅಕ್ಕಾ? ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ ಎಂಬುದು ಬರೆದಿರಲೇಬೇಕು.

ನಿವೃತ್ತ ಟೀಚರ್, ನವನಗರ

ಛಲೋ ಹೇಳಿದಿ ಮಗಳ. ಆದರ ಅಬೀಗೈಲ ಬಗ್ಗಿದ್ದು ಅಂಜಿಕಿಗೆ ಅಲ್ಲ. ಬಗ್ಗಿ ಏನಂದಳು ಓದು. ನಿಷ್ಕಾರಣ ರಕ್ತ ಸುರಿಸಿದರ ನಾಳೆ ನೀ ಪಟ್ಟಕ್ಕ ಬಂದಾಗ ಅದು ನಿನ್ನ ಮನಸ್ಸಿಗೆ ಚುಚ್ಚತದ ಅಂತ, ನಾನೂರು ಕತ್ತಿ ಎದುರಿಗೆ ನಿಂತು ಹೇಳಿದಳು. ತನ್ನ ಗಂಡ ಮೂರ್ಖ ಅಂತನೂ ಮುಚ್ಚಿಡಲಿಲ್ಲ. ನಾ ಹೇಳಿದ್ದು ರೊಟ್ಟಿ ಒಯ್ಯಿ ಅಂತ ಅಲ್ಲ, ಹೊತ್ತು ನೋಡಿ ಹೋಗು ಅಂತ.

ಮುಳುಗಡೆ ಮನೆತನ, ವಿಜಯಪುರ

ಇಬ್ಬರ ಮಾತೂ ಬೇಕಾದದ್ದೇ. ನಾನು ಇನ್ನೂ ಐದು ಜನರನ್ನು ಸೇರಿಸುತ್ತೇನೆ: ಚಲ್ಪಹಾದನ ಹೆಣ್ಣುಮಕ್ಕಳು. ಬೈಬಲಿನ ಅರಣ್ಯಕಾಂಡ ಪುಸ್ತಕ, 27ನೇ ಅಧ್ಯಾಯ.

ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ತವರಿನ ಹೊಲ ಹೋಯಿತು. ಪರಿಹಾರದ ಹೊತ್ತಿಗೆ ನಮ್ಮ ತಂದೆ ತೀರಿಕೊಂಡಿದ್ದರು, ಉಯಿಲು ಇರಲಿಲ್ಲ. ಹಕ್ಕು ಬಿಟ್ಟಿದ್ದೇವೆ ಎಂಬ ಕಾಗದಕ್ಕೆ ನಾವು ಮೂವರು ಅಕ್ಕತಂಗಿಯರು ಸಹಿ ಹಾಕಬೇಕು ಎಂದು ಅಣ್ಣ ಬಂದ. ಅಕ್ಕ ಆಗಲೇ ಪೆನ್ನು ಹಿಡಿದಿದ್ದಳು. ನಮ್ಮ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದೆ, ಉಯಿಲು ಇಲ್ಲದಿದ್ದರೆ ತಾಯಿಯ ಪಾಲು ತೆಗೆದು ಉಳಿದದ್ದರಲ್ಲಿ ಗಂಡಿಗೂ ಹೆಣ್ಣಿಗೂ ಸಮ ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಈ ಅಧ್ಯಾಯ ಒಂದೇ. ಪೆನ್ನಿನ ಮೇಲೆ ಕೈಯಿಟ್ಟು, ಒಂದು ವಾರ ಬಿಟ್ಟು ಬಾ ಅಣ್ಣ ಎಂದೆ.

ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಐವರೂ ಒಟ್ಟಿಗೆ ದೇವದರ್ಶನದ ಗುಡಾರದ ಬಾಗಿಲಿಗೆ ಹೋದರು. ಇಸ್ರಾಯೇಲರ ನಾಯಕ ಮೋಶೆ, ಯಾಜಕ, ಮುಖಂಡರು, ಇಡೀ ಸಮುದಾಯ ಎದುರಿಗೆ. ಗಂಡುಮಗ ಇಲ್ಲ ಎಂದು ನಮ್ಮ ತಂದೆಯ ಹೆಸರು ಯಾಕೆ ಅಳಿಯಬೇಕು, ನಮಗೂ ಪಾಲು ಕೊಡಿ ಎಂದರು. ಮೋಶೆ ತಾನೇ ತೀರ್ಪು ಕೊಡದೆ ದೇವರನ್ನು ಕೇಳಿದ. ಅವರು ಹೇಳುವುದು ನ್ಯಾಯ ಎಂದು ಉತ್ತರ ಬಂತು. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ, ನಮಗಿದ್ದರು, ಸಂಗತಿ ಬೇರೆ. ಆದರೆ ಅವರಲ್ಲಿ ಒಬ್ಬಳೇ ಹೋಗಿದ್ದರೆ ಮನೆಯ ಜಗಳ ಅನ್ನಿಸಿಕೊಳ್ಳುತ್ತಿತ್ತು. ಐವರು ನಿಂತದ್ದಕ್ಕೆ ಅದು ಕಾನೂನು ಆಯಿತು.

ತಂಗಿ, ಸಾಲ ಬೇಡ ಎಂದದ್ದು ಹದಿನೆಂಟು ಮಂದಿ. ಅವನ ಎದುರಿಗೆ ನೀನು ಒಬ್ಬಳೇ ಯಾಕೆ ನಿಲ್ಲುತ್ತೀ?

ಖಣದ ಮನಿ, ಗುಳೇದಗುಡ್ಡ

ಟೀಚರ್ ಅಕ್ಕಾರು ಕೇಳಿದ ಪ್ರಶ್ನೆಗೆ ಅವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಹೋಗಿರಲೇ ಇಲ್ಲ.

ನಿನ್ನೆ ಹೋದೆವು. ಮುಂಜಾನೆ ಏಳಕ್ಕೆ, ನಾಲ್ಕು ಮಂದಿ. ಆತ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ, ನಮ್ಮನ್ನು ನೋಡಿ ಎದ್ದು ನಿಂತ. ನಾನೇ ಪುಸ್ತಕ ತೆರೆದು ನಾಲ್ಕು ಕಂತಿನ ಲೆಕ್ಕ ಓದಿದೆ. ದನಿ ನಡುಗಿತು, ಆದರೂ ಕೊನೆಯ ಸಾಲಿನವರೆಗೆ ಓದಿದೆ. ಆಮೇಲೆ ಆಕೆ ಒಳಗಿನಿಂದ ಬಂದು ಹೇಳಿದಳು, ಮಗನ ಆಸ್ಪತ್ರೆ ಖರ್ಚಿಗೆ ಎರಡನೇ ಸಾಲ ಕೇಳಿದ್ದಂತೆ. ಸಭೆಯಲ್ಲಿ ಆಕೆ ಬಾಯಿ ಬಿಟ್ಟಿರಲಿಲ್ಲ, ನಾನೂ ಕಾರಣ ಕೇಳಿರಲಿಲ್ಲ. ಆಳಿನ ಮಾತನ್ನು ಪೂರಾ ಕೇಳಿದ ಅಬೀಗೈಲಳು ಆಗ ನೆನಪಾಗಿ ಮನಸ್ಸಿಗೆ ಬಹಳ ನೋವಾಯಿತು. ಕಂತನ್ನು ಎಂಟುನೂರರಿಂದ ನಾಲ್ಕುನೂರಕ್ಕೆ ಇಳಿಸಿ ಮುಂದಿನ ಸಭೆಯಲ್ಲಿ ಇಡುತ್ತೇವೆ, ಔಷಧಿಗೆ ಬೇರೆ ದಾರಿ ಎಲ್ಲರೂ ಕೂಡಿ ನೋಡುತ್ತೇವೆ.

ರವಿವಾರ ಅಬೀಗೈಲಳ ಮೇಲೆಯೇ ಮಾತಾಡುತ್ತೇನೆ, ಐವರು ಅಕ್ಕತಂಗಿಯರನ್ನೂ ತರುತ್ತೇನೆ. ದೆಬೋರಳ ಹಾಡನ್ನು ನಮ್ಮ ಹುಡುಗಿಯರು ಓದಲಿ. ಬುಧವಾರ ಸಂಜೆ ಮನೆಯಲ್ಲಿ ಒಮ್ಮೆ ಹೇಳಿ ನೋಡುವವಳಿದ್ದೇನೆ. ಟೀಚರ್ ಅಕ್ಕಾರು ಮಧ್ಯಾಹ್ನದ ಬಸ್ಸಿಗೆ ಬಂದರೆ ಬಹಳ ಅನುಕೂಲ. ರೊಟ್ಟಿ, ಶೇಂಗಾ ಹಿಂಡಿ ನಮ್ಮಲ್ಲೇ.