ಪಿಕೋದ ಎರಡು ಕೋರ್‌ಗಳ ನಡುವೆ ಸ್ಟ್ರಕ್ಟ್ ಹಂಚಿಕೊಂಡರೆ ರೀಡಿಂಗ್ ಕಲಸಿಹೋಗುತ್ತಿದೆ

ಪ್ರಶ್ನೆ

ಬೋರ್ಡ್ ರಾಸ್ಪ್‌ಬೆರಿ ಪೈ ಪಿಕೋ (ಎರಡು ಕೋರ್‌ನ ಆರ್‌ಪಿ2040 ಚಿಪ್), ಸಿ ಎಸ್‌ಡಿಕೆ (ಅದರ ಸಾಫ್ಟ್‌ವೇರ್ ಕಿಟ್). ಕೋರ್ 0 ಟೈಮರ್ ಇಂಟರಪ್ಟ್‌ನಲ್ಲಿ (ನಡೆಯುತ್ತಿರುವ ಕೆಲಸ ತಡೆದು ಓಡುವ ಕೋಡ್) ಸೆಕೆಂಡಿಗೆ 1000 ಸಲ ಎಂಪಿಯು6050 ಚಲನೆ ಸೆನ್ಸರ್‌ನಿಂದ ಎಕ್ಸ್, ವೈ, ಝಡ್ ಓದಿ, ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ ಗ್ಲೋಬಲ್ ಸ್ಟ್ರಕ್ಟ್‌ಗೆ (ಹಲವು ಮೌಲ್ಯ ಒಟ್ಟಿಗಿಡುವ ರಚನೆ) ತುಂಬುತ್ತದೆ. ಅದರ ಮೇನ್ ಲೂಪ್ ಅದೇ ಸ್ಟ್ರಕ್ಟನ್ನು ಯುಎಸ್‌ಬಿಗೆ ಪ್ರಿಂಟ್ ಮಾಡುತ್ತದೆ. ಕೋರ್ 1 ಕೋನ ಲೆಕ್ಕ ಹಾಕಿ, ಬೇರೆ ಐ2ಸಿ ಬಸ್‌ನಲ್ಲಿರುವ 128×64 ಓಎಲ್‌ಇಡಿಯಲ್ಲಿ ತೋರಿಸುತ್ತದೆ. ಬೋರ್ಡ್ ಅಲುಗಿಸಿದಾಗ ಕೋನ ಒಮ್ಮೊಮ್ಮೆ ಎಲ್ಲಿಗೋ ಜಿಗಿಯುತ್ತದೆ. ವೊಲಟೈಲ್ ಹಾಕಿದರೂ ಅಷ್ಟೇ. ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಲಾಕ್) ಹಾಕಿದರೆ ಸ್ವಲ್ಪ ಹೊತ್ತಿಗೆ ಕೋರ್ 0 ನಿಂತೇ ಹೋಗುತ್ತದೆ. ಏನು ಮಾಡಲಿ?

ಉತ್ತರ 1

ಸರಿಹೊಂದಿದ ವಿಳಾಸದಲ್ಲಿರುವ ಒಂದು 32 ಬಿಟ್ ಓದು ಅಥವಾ ಬರಹ ಅರ್ಧಕ್ಕೆ ತುಂಡಾಗುವುದಿಲ್ಲ. ನಿಮ್ಮದು ಅಂಥ ಮೂರು ಬರಹ. ಈ ಚಿಪ್‌ನಲ್ಲಿ ಎಫ್‌ಪಿಯು (ಫ್ಲೋಟ್ ಲೆಕ್ಕದ ಹಾರ್ಡ್‌ವೇರ್) ಇಲ್ಲ, ಫ್ಲೋಟ್ ಭಾಗಾಕಾರ ಸಾಫ್ಟ್‌ವೇರ್‌ನಲ್ಲೇ ನಡೆಯಬೇಕು. ಹಾಗಾಗಿ ಎಕ್ಸ್ ಬರೆದು ಝಡ್ ಬರೆಯುವಷ್ಟರಲ್ಲಿ ಕೋರ್ 1 ಹೊಸ ಎಕ್ಸ್, ಹಳೇ ಝಡ್ ಎತ್ತಿಕೊಂಡು ಹೋಗಿರುತ್ತದೆ. ವೊಲಟೈಲ್ ಕಂಪೈಲರ್‌ಗೆ "ಪ್ರತಿ ಸಲ ಮೆಮೊರಿಯಿಂದಲೇ ಓದು" ಎನ್ನುತ್ತದೆ, ಮೂರನ್ನೂ ಒಟ್ಟಿಗೆ ಕಟ್ಟಿಕೊಡುವುದಿಲ್ಲ.

ಕೋರ್ 0 ನಿಲ್ಲುವುದಕ್ಕೆ ಕಾರಣ: ಮೇನ್ ಲೂಪ್ ಮ್ಯೂಟೆಕ್ಸ್ ಹಿಡಿದಿರುವಾಗಲೇ ಇಂಟರಪ್ಟ್ ಬಂದು ಅದಕ್ಕಾಗಿ ಕಾಯುತ್ತದೆ. ಇಂಟರಪ್ಟ್ ಮುಗಿಯದೆ ಮೇನ್ ಲೂಪ್ ಮುಂದೆ ಹೋಗದು, ಮ್ಯೂಟೆಕ್ಸ್ ಬಿಡುಗಡೆಯಾಗದು. ಇಂಟರಪ್ಟ್ ಒಳಗೆ ಮ್ಯೂಟೆಕ್ಸ್ ಬೇಡವೇ ಬೇಡ.

ಬದಲಿಗೆ ಕ್ರಿಟಿಕಲ್ ಸೆಕ್ಷನ್ ಬಳಸಿ. ಅದು ಆ ಕೋರ್‌ನ ಇಂಟರಪ್ಟ್ ನಿಲ್ಲಿಸಿ, ಆಮೇಲೆ ಹಾರ್ಡ್‌ವೇರ್ ಸ್ಪಿನ್‌ಲಾಕ್ (ಸಿಗುವವರೆಗೂ ಸುತ್ತುತ್ತಾ ಕಾಯುವ ಲಾಕ್) ಹಿಡಿಯುತ್ತದೆ; ಚಿಪ್‌ನಲ್ಲಿ ಅಂಥವು 32 ಇವೆ. ಕೋರ್ 1 ಶುರುಮಾಡುವ ಮೊದಲೇ ಅದರ ಇನಿಟ್ ಆಗಿರಲಿ. ಲೆಕ್ಕವನ್ನೆಲ್ಲ ಲೋಕಲ್ ಸ್ಟ್ರಕ್ಟ್‌ನಲ್ಲಿ ಮುಗಿಸಿ, ಲಾಕ್ ಒಳಗೆ 12 ಬೈಟ್ ನಕಲು ಮಾತ್ರ ಮಾಡಿ. ಓದುವ ಕಡೆಯೂ ಹಾಗೆಯೇ: ನಕಲು ಮಾಡಿ, ಲಾಕ್ ಬಿಟ್ಟು, ಆಮೇಲೆ ಕೋನ ಲೆಕ್ಕ ಹಾಕಿ. ಒಳಗೆ ಪ್ರಿಂಟ್‌ಎಫ್, ಐ2ಸಿ ಬಂದರೆ ಇಂಟರಪ್ಟ್ ಅಷ್ಟು ಹೊತ್ತೂ ಬಂದ್.

ಉತ್ತರ 2

ಇತ್ತೀಚಿನ ರೀಡಿಂಗ್ ಸಾಕಾದರೆ ಮೇಲಿನದೇ ಸರಿ. ಒಂದು ಸ್ಯಾಂಪಲ್ಲೂ ತಪ್ಪಬಾರದು ಎಂದಾದರೆ ಎಸ್‌ಡಿಕೆಯ ಕ್ಯೂ (ಬಂದ ಕ್ರಮದಲ್ಲೇ ಸಾಲಾಗಿ ಇಟ್ಟು ಕೊಡುವುದು) ಬಳಸಿ. ಕ್ಯೂನ ಅಳತೆ ಹೀಗೆ ಲೆಕ್ಕ ಹಾಕಿ: ಓಎಲ್‌ಇಡಿಯ ಒಂದು ಫ್ರೇಮ್ 1024 ಬೈಟ್, ಬೈಟಿಗೆ 9 ಕ್ಲಾಕ್, 400 ಕಿಲೋಹರ್ಟ್ಸ್‌ನಲ್ಲಿ ಸುಮಾರು 23 ಮಿಲಿಸೆಕೆಂಡ್. ಅಷ್ಟರಲ್ಲಿ 23 ಸ್ಯಾಂಪಲ್ ಬಂದಿರುತ್ತವೆ. 16 ಜಾಗ ಸಾಲದು, 32 ಬಿಗಿ, 64 ಇಡಿ. ಇಂಟರಪ್ಟ್‌ನಲ್ಲಿ "ಟ್ರೈ" ಇರುವ ಆಡ್ ಫಂಕ್ಷನ್ ಮಾತ್ರ ಕರೆಯಿರಿ. ಕ್ಯೂ ತುಂಬಿದ್ದರೆ ಅದು ಕಾಯದೆ ಫಾಲ್ಸ್ ಕೊಡುತ್ತದೆ, ಅದನ್ನು ಎಣಿಸಿಡಿ.

ಕೋರ್‌ಗಳ ನಡುವಿನ ಹಾರ್ಡ್‌ವೇರ್ ಫೈಫೋ (ಚಿಪ್‌ನಲ್ಲೇ ಇರುವ ಪುಟ್ಟ ಕ್ಯೂ) ಇದಕ್ಕೆ ಹೊಂದುವುದಿಲ್ಲ. ಒಂದೊಂದು ದಿಕ್ಕಿಗೆ 32 ಬಿಟ್‌ನ 8 ಜಾಗವಷ್ಟೇ. ಜೊತೆಗೆ ಫ್ಲ್ಯಾಶ್ ಬರೆಯುವಾಗ ಇನ್ನೊಂದು ಕೋರನ್ನು ತಡೆದಿಡುವ ಮಲ್ಟಿಕೋರ್ ಲಾಕ್‌ಔಟ್ ಕೂಡ ಅದೇ ಫೈಫೋ ಬಳಸುತ್ತದೆ.

ಪ್ರಶ್ನೆ ಕೇಳಿದವರು

ಕ್ರಿಟಿಕಲ್ ಸೆಕ್ಷನ್ ಹಾಕಿದ ಮೇಲೆ ಜಿಗಿತ ನಿಂತಿತು, ಧನ್ಯವಾದ. ಸ್ಟ್ರಕ್ಟ್‌ಗೆ 64 ಬಿಟ್ ಮೈಕ್ರೋಸೆಕೆಂಡ್ ಟೈಮ್‌ಸ್ಟ್ಯಾಂಪ್ ಸೇರಿಸಬೇಕಿದೆ. ಅದನ್ನು ಲಾಕ್ ಹೊರಗೆ ಓದಬಹುದೇ?

ಉತ್ತರ 1

ಬೇಡ. 64 ಬಿಟ್ ಎಂದರೆ ಈ ಕೋರ್‌ಗೆ ಎರಡು ಪದ (32 ಬಿಟ್‌ನ ತುಂಡು). ಕೆಳಗಿನ ಪದ ಸುಮಾರು 71 ನಿಮಿಷ 35 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಆ ಕ್ಷಣದಲ್ಲಿ ಒಂದು ಪದ ಹಳೆಯದು, ಇನ್ನೊಂದು ಹೊಸದು ಸಿಕ್ಕರೆ ಸಮಯ 71 ನಿಮಿಷ ಹಾರುತ್ತದೆ. ಮೇಜಿನ ಮೇಲೆ ಹತ್ತು ನಿಮಿಷ ಪರೀಕ್ಷಿಸಿದರೆ ಇದು ಕಾಣುವುದೇ ಇಲ್ಲ, ಅದಕ್ಕೇ ಅಪಾಯ. ಅದೂ ಲಾಕ್ ಒಳಗೇ ನಕಲಾಗಲಿ.

ಉತ್ತರ 3

ಇನ್ನೊಂದು ನೋಡಿಕೊಳ್ಳಿ. ಕೋರ್ 1ರ ಸ್ಟ್ಯಾಕ್ (ಫಂಕ್ಷನ್‌ಗಳ ಲೋಕಲ್ ಡೇಟಾ ಕೂರುವ ಮೆಮೊರಿ) ನಾವು ಬದಲಿಸದಿದ್ದರೆ 2 ಕೆಬಿ ಮಾತ್ರ. 1024 ಬೈಟ್‌ನ ಫ್ರೇಮ್ ಬಫರನ್ನು ಫಂಕ್ಷನ್ ಒಳಗೆ ಲೋಕಲ್ ಆಗಿ ಇಟ್ಟಿದ್ದರೆ ಅರ್ಧ ಅಲ್ಲೇ ಖಾಲಿ. ಅದರ ಮೇಲೆ ಫ್ಲೋಟ್ ಪ್ರಿಂಟಿಂಗ್ ಬಂದರೆ ಸ್ಟ್ಯಾಕ್ ಪಕ್ಕದ ಮೆಮೊರಿಗೆ ಇಳಿಯಬಹುದು, ಲಕ್ಷಣ ಮಾತ್ರ ಲಾಕ್ ತಪ್ಪಿದ ಹಾಗೆಯೇ ಕಾಣುತ್ತದೆ. ಬಫರನ್ನು ಸ್ಟ್ಯಾಟಿಕ್ ಮಾಡಿ.