1400 ಗ್ರಾಂ ತೂಕದ ಶಿಶುವಿಗೆ ಎರಡು ಗಂಟೆಗೊಮ್ಮೆ 2 ಮಿ.ಲೀ. ಹಾಲು ಮಾತ್ರ ಏಕೆ?

ಪ್ರಶ್ನೆ (ಜಮಖಂಡಿ, ಶಿಶುವಿನ ತಂದೆ):
ನಮ್ಮ ಮಗಳು 31ನೇ ವಾರದಲ್ಲಿಯೇ ಜನಿಸಿದ್ದು, ಬಾಗಲಕೋಟೆಯ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿದ್ದಾಳೆ. ನಳಿಕೆಯಿಂದ ಎರಡು ಗಂಟೆಗೊಮ್ಮೆ 2 ಮಿ.ಲೀ. ತಾಯಿಹಾಲು ಕೊಡುತ್ತಿದ್ದು, ಉಳಿದ ಪೋಷಣೆಯೆಲ್ಲ ರಕ್ತನಾಳದ ಮೂಲಕ ಹೋಗುತ್ತಿದೆ. ಇಷ್ಟರಿಂದ ಹೊಟ್ಟೆ ತುಂಬದೆಂದ ಮೇಲೆ ಕೊಡುವುದಾದರೂ ಏಕೆ? ತೂಕ ಬೇಗ ಏರಲು ಪುಡಿ ಹಾಲು ಸೇರಿಸಬಹುದೇ? ಜೇನಿನಲ್ಲಿ ಗುಟ್ಟಿ ತೇಯ್ದು ನೆಕ್ಕಿಸಿದರೆ ಜೀರ್ಣಶಕ್ತಿ ಬರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಾರೆ.

ಉತ್ತರ (ಬೆಳಗಾವಿ, ಮಕ್ಕಳ ತಜ್ಞ):
ಮಾನ್ಯರೇ, ಆ 2 ಮಿ.ಲೀ. ಹೊಟ್ಟೆ ತುಂಬಿಸಲು ಅಲ್ಲ, ಕರುಳನ್ನು ಕೆಲಸಕ್ಕೆ ಹಚ್ಚಲು. ದಿನಕ್ಕೆ 24 ಮಿ.ಲೀ. ಎಂದರೆ ನಿಮ್ಮ ಮಗುವಿನ ತೂಕದ ಪ್ರತಿ ಕೆಜಿಗೆ ಸುಮಾರು 17 ಮಿ.ಲೀ. ಆಗುತ್ತದೆ, ಆರಂಭದ ಹಾಲು ಸಾಮಾನ್ಯವಾಗಿ 10ರಿಂದ 20 ಮಿ.ಲೀ. ಇರುತ್ತದೆ. ಪೋಷಣೆಯನ್ನೆಲ್ಲ ರಕ್ತಕ್ಕೇ ಕೊಟ್ಟು ಕರುಳನ್ನು ಖಾಲಿ ಬಿಟ್ಟರೆ ಅದರ ಒಳಪದರ ತೆಳುವಾಗುತ್ತದೆ. ಹನಿ ಹಾಲು ತಗುಲಿದರೆ ಕರುಳಿನ ಬೆಳವಣಿಗೆಗೂ ಚಲನೆಗೂ ಬೇಕಾದ ಹಾರ್ಮೋನುಗಳು ಸ್ರವಿಸತೊಡಗುತ್ತವೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಈ ವಯಸ್ಸಿನಲ್ಲಿ ಕಡಿಮೆಯಿದ್ದರೂ, ಬೇಗ ಹಾಲು ಆರಂಭಿಸಿದ ಶಿಶುಗಳಲ್ಲಿ ಬೇಗ ಹೆಚ್ಚುತ್ತದೆ. ಆದರೆ ಆಹಾರವನ್ನು ಮುಂದೆ ತಳ್ಳುವ ಕರುಳಿನ ಕ್ರಮಬದ್ಧ ಅಲೆಗಳು 34 ವಾರಗಳ ಹೊತ್ತಿಗೆ ಪಕ್ವವಾಗುವುದರಿಂದ ಅವಸರ ಸಲ್ಲದು. 2022ರ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ಹಾಲನ್ನು ಪ್ರತಿದಿನ ಹಿಂದಿನ ದಿನಕ್ಕಿಂತ ಪ್ರತಿ ಕೆಜಿಗೆ 30 ಮಿ.ಲೀ.ವರೆಗೆ ಏರಿಸುತ್ತ ಹೋಗಬಹುದು, ಎಷ್ಟು ಏರಿಸಬೇಕೆಂಬುದನ್ನು ಮಗುವಿನ ಹೊಟ್ಟೆ ನೋಡಿದವರೇ ನಿರ್ಧರಿಸಬೇಕು.

ಪುಡಿ ಹಾಲಿನಿಂದ ತೂಕ ತುಸು ಬೇಗ ಏರುವುದು ನಿಜ. ಆದರೂ ನಾನು ಅದನ್ನು ಕೊನೆಯ ಆಯ್ಕೆಯಾಗಿ ಇಡುತ್ತೇನೆ, ಏಕೆಂದರೆ ಕರುಳಿನ ಗೋಡೆ ಉರಿಯೂತದಿಂದ ಕೊಳೆಯುವ ಎನ್‌ಇಸಿ ಎಂಬ ಗಂಭೀರ ಕಾಯಿಲೆ ಪುಡಿ ಹಾಲು ಕುಡಿದ ಅವಧಿಪೂರ್ವ ಶಿಶುಗಳಲ್ಲಿ ಹೆಚ್ಚು. ತಾಯಿಹಾಲು ಸಾಲದಿದ್ದರೆ ಮೊದಲು ದಾನಿಗಳ ಹಾಲು ಸಿಗುವುದೇ ಎಂದು ವಿಚಾರಿಸಿ. ಕರುಳು ಹೊಂದಿಕೊಂಡ ಮೇಲೂ ತೂಕ ಏರದಿದ್ದರೆ ತಾಯಿಹಾಲಿಗೇ ಪೋಷಕಾಂಶ ಬೆರೆಸುವ ಕ್ರಮವಿದೆ. ಜೇನು, ಗುಟ್ಟಿ ಎರಡೂ ಬೇಡ. ಜೇನಿನಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳಿಂದ ಒಂದು ವರ್ಷದೊಳಗಿನ ಯಾವ ಶಿಶುವಿಗೂ ಅಪಾಯವಿದೆ.

ಉತ್ತರ (ವಿಜಯಪುರ, ನಿವೃತ್ತ ಶುಶ್ರೂಷಕಿ):
ಡಾಕ್ಟರ್ ಸಾಹೇಬರು ಹೇಳಿದ್ದು ಸರಿ. ತಮ್ಮಾ, ಈಗ ಬಾಣಂತಿಯ ಕಡೆ ಲಕ್ಷ್ಯವಿರಲಿ. ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಿ ತೆಗೆಯದಿದ್ದರೆ, ಮಗುವಿಗೆ ಹೆಚ್ಚು ಬೇಕಾಗುವ ಹೊತ್ತಿಗೆ ಹಾಲೇ ಇಳಿದಿರುತ್ತದೆ. ಮೊದಲ ದಿನಗಳ ಹಳದಿ ಹಾಲನ್ನು ಹನಿಯೂ ಚೆಲ್ಲಬಾರದು. ತೆಗೆದ ಹಾಲನ್ನು ಕುದಿಸಬೇಡಿರಿ, ಕೊಬ್ಬು ಕರಗಿಸುವ ಅದರ ಕಿಣ್ವ ಬಿಸಿಗೆ ನಾಶವಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಹೊರಗೂ ಇಡಬೇಡಿರಿ, ಕೂಡಲೇ ಘಟಕದ ಫ್ರಿಜ್ಜಿಗೆ ಕೊಡಿರಿ. ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಂಡ ಮೇಲೆ, ಹೆಚ್ಚಾಗಿ 32ರಿಂದ 34 ವಾರಗಳಲ್ಲಿ, ಒಳಲೆಯಿಂದ ಕುಡಿಸಲು ಅವರೇ ಕಲಿಸುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಇಂದು ನಳಿಕೆಯಲ್ಲಿ ತುಸು ಹಾಲು ಹಿಂದೆ ಬಂದಿತೆಂದು ಹೇಳಿದರು. ಕರುಳು ಕೆಟ್ಟಿತೆಂದು ತಿಳಿಯಬೇಕೇ?

ಉತ್ತರ (ಬೆಳಗಾವಿ, ಮಕ್ಕಳ ತಜ್ಞ):
ಬಿಳಿಯ ಹಾಲು ತುಸು ಉಳಿಯುವುದು ಈ ಶಿಶುಗಳಲ್ಲಿ ಸಾಮಾನ್ಯ. ಅದೊಂದೇ ಕಾರಣಕ್ಕೆ ಹಾಲು ನಿಲ್ಲಿಸಬೇಕಿಲ್ಲ. ಹಸಿರು ಬಣ್ಣದ ವಾಂತಿ, ಉಬ್ಬಿ ಬಿಗಿಯಾದ ಹೊಟ್ಟೆ, ಮಲದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಘಟಕದವರಿಗೆ ತಿಳಿಸಿ.