ಎಕ್ಸೆಲ್ ಪಾಯಿಂಟ್ಸ್ ಟೇಬಲ್: ಗೆದ್ದ ತಂಡಕ್ಕೆ ಡ್ರಾ ಲೆಕ್ಕ ಬರ್ತಿದೆ, ಯಾಕೆ?

ಕಲಬುರಗಿ ಗೋಲಿ:
ನಮಸ್ಕಾರ ಎಲ್ಲರಿಗೂ. ಎನ್.ವಿ. ಮೈದಾನದಲ್ಲಿ ಬಡಾವಣೆ ಹುಡುಗರದ್ದೊಂದು ಫುಟ್‌ಬಾಲ್ ಲೀಗ್ ನಡೆಸುತ್ತಿದ್ದೇವೆ. 8 ತಂಡ, ಎಲ್ಲರೂ ಎಲ್ಲರ ಜೊತೆ ಒಂದೊಂದು ಪಂದ್ಯ. ಕೈಲೆಕ್ಕ ಹಾಕಿದರೆ ರೋಜಾ ತಂಡಕ್ಕೆ 13 ಅಂಕ, ಬ್ರಹ್ಮಪುರಕ್ಕೂ 13. ಆದರೆ ಶೀಟ್‌ನಲ್ಲಿ ಬ್ರಹ್ಮಪುರಕ್ಕೆ 14, ರೋಜಾಗೆ 11, ಮಧ್ಯದಲ್ಲಿ ಜಗತ್ ತಂಡ 12 ಇಟ್ಕೊಂಡು ಕೂತಿದೆ. ಸ್ಕೋರನ್ನು ಒಂದೇ ಕಾಲಂನಲ್ಲಿ 2-1 ಅಂತ ಬರೆದು, ಲೆಫ್ಟ್ ಫಾರ್ಮುಲಾದಿಂದ ಎಡಗಡೆ ಅಂಕಿ, ರೈಟ್‌ನಿಂದ ಬಲಗಡೆ ಅಂಕಿ ತೆಗೀತೀವಿ. ಬೇರೆ ತಂಡಗಳದ್ದೆಲ್ಲ ಸರಿ ಇದೆ. ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಬೈಗುಳ ಶುರುವಾಗಿದೆ, ಬೇಗ ಹೇಳಿ.

ಬೀದರ್ ಲೆಕ್ಕಿಗ:
ಒಂದು ಪಂದ್ಯ ಡ್ರಾ ಅಂತ ಎಣಿಕೆ ಆಗಿದೆ ಅಷ್ಟೇ. ಗೆದ್ದವರಿಗೆ 3ರ ಬದಲು 1, ಅಂದ್ರೆ 2 ಕಡಿಮೆ; ಸೋತವರಿಗೆ 0 ಬದಲು 1, ಅಂದ್ರೆ 1 ಜಾಸ್ತಿ. ರೋಜಾ–ಬ್ರಹ್ಮಪುರ ಪಂದ್ಯದ ಸ್ಕೋರ್ ಇರೋ ಸೆಲ್ ನೋಡಿ, ಅಲ್ಲಿ ಏನು ಕಾಣುತ್ತೆ?

ಕಲಬುರಗಿ ಗೋಲಿ:
ರೋಜಾ 2-1 ಗೆದ್ದಿದ್ದು. ಆದರೆ ಅಲ್ಲಿ ಜನವರಿ 2 ಅಂತ ತಾರೀಕು ಇದೆ! ಅದು ಮುಂದಕ್ಕೆ ಹೋಗಿದ್ದ ಪಂದ್ಯ, ಆ ಸಾಲನ್ನು ಕೊನೆಗೆ ಸೇರಿಸಿದ್ದು.

ಬೀದರ್ ಲೆಕ್ಕಿಗ:
ಸಿಕ್ತು ನೋಡಿ. ಮೇಲಿನ ಸಾಲುಗಳಿಗೆ ಟೆಕ್ಸ್ಟ್ ಫಾರ್ಮ್ಯಾಟ್ (ಬರೆದದ್ದನ್ನು ಹಾಗೇ ಇಡೋದು) ಇದೆ, ಕೊನೆ ಸಾಲಿಗೆ ಇಲ್ಲ. ಹಾಗಾಗಿ 2-1 ಅಂದಿದ್ದನ್ನು ಎಕ್ಸೆಲ್ 2026ರ ಜನವರಿ 2 ಅಂತ ತಿಳ್ಕೊಂಡಿದೆ. ತಾರೀಕನ್ನು ಅದು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತೆ, 1900ರ ಜನವರಿ 1 ಅಂದ್ರೆ 1, ಅಲ್ಲಿಂದ ದಿನಕ್ಕೊಂದು. ಈ ತಾರೀಕಿನ ಸಂಖ್ಯೆ 46024. ಲೆಫ್ಟ್ ತೆಗೆದರೆ 4, ರೈಟ್ ತೆಗೆದರೂ 4. ನಿಮ್ಮ ಶೀಟ್ ಪ್ರಕಾರ ಆ ಪಂದ್ಯ 4-4 ಡ್ರಾ!

ಈಗ ಬರೀ ಫಾರ್ಮ್ಯಾಟ್ ಬದಲಿಸಿದರೆ ಸ್ಕೋರ್ ವಾಪಸ್ ಬರಲ್ಲ, 46024 ಅಂತಲೇ ನಿಲ್ಲುತ್ತೆ. ಮೊದಲು ಟೆಕ್ಸ್ಟ್ ಮಾಡಿ, ಆಮೇಲೆ ಹೊಸದಾಗಿ 2-1 ಟೈಪ್ ಮಾಡಿ. ಮುಂದಿನ ಸಲ ಎರಡು ತಂಡದ ಗೋಲಿಗೆ ಎರಡು ಕಾಲಂ ಇಡಿ. ಯಾರಾದರೂ 10 ಗೋಲು ಹೊಡೆದ ದಿನ ಈಗಿನ ಫಾರ್ಮುಲಾ ಹೇಗೂ ಕೈ ಕೊಡುತ್ತೆ.

ಕಲಬುರಗಿ ಗೋಲಿ:
ಸರಿಹೋಯ್ತು ಅಣ್ಣಾ, ಇಬ್ಬರಿಗೂ 13 ಬಂತು. ಆದರೆ ಜಗಳ ಈಗ ಜಾಸ್ತಿ ಆಯ್ತು. ಗೋಲು ಅಂತರ (ಹೊಡೆದ ಗೋಲಲ್ಲಿ ಬಿಟ್ಟುಕೊಟ್ಟದ್ದು ಕಳೆದರೆ) ಬ್ರಹ್ಮಪುರಕ್ಕೆ +9, ರೋಜಾಗೆ +5. ಬ್ರಹ್ಮಪುರದವರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡಿ ಅಂತಾರೆ, ರೋಜಾದವರು ನಾವು ಅವರನ್ನೇ ಸೋಲಿಸಿದ್ದೀವಲ್ಲ, ಸ್ಪೇನಿನ ಲಾ ಲಿಗಾ ನೋಡಿ ಅಂತಾರೆ. ಯಾರದ್ದು ಸರಿ?

ಯಾದಗಿರಿ ವಿಂಗರ್:
ಇಬ್ಬರದ್ದೂ ಸರಿ, ಅದೇ ತಾಪತ್ರಯ. 2011-12ರಲ್ಲಿ ಮ್ಯಾಂಚೆಸ್ಟರ್ ಸಿಟಿ, ಯುನೈಟೆಡ್ ಎರಡಕ್ಕೂ 89 ಅಂಕ. ಅಂತರ +64, +56. ಕಪ್ ಸಿಟಿಗೆ. ಸ್ಪೇನ್‌ನಲ್ಲಿ 2006-07ರಲ್ಲಿ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎರಡಕ್ಕೂ 76. ಅಂತರ ನೋಡಿದರೆ ಬಾರ್ಸಾ ಎಷ್ಟೋ ಮುಂದೆ, +45ಕ್ಕೆ +26. ಆದರೂ ಕಪ್ ರಿಯಲ್‌ಗೆ ಹೋಯ್ತು, ಯಾಕಂದ್ರೆ ಇಬ್ಬರ ನಡುವಿನ ಎರಡು ಪಂದ್ಯದಲ್ಲಿ ರಿಯಲ್ ಒಂದನ್ನು 2-0 ಗೆದ್ದು ಇನ್ನೊಂದನ್ನು 3-3 ಡ್ರಾ ಮಾಡಿತ್ತು. ನನ್ನ ಕೇಳಿದರೆ ಪರಸ್ಪರ ಪಂದ್ಯ ನೋಡೋದೇ ನ್ಯಾಯ, ಕೊನೆ ಸ್ಥಾನದ ತಂಡಕ್ಕೆ 7 ಗೋಲು ಬಾರಿಸಿ ಚಾಂಪಿಯನ್ ಆಗೋದು ಏನು ಚೆಂದ?

ಬೀದರ್ ಲೆಕ್ಕಿಗ:
ಚೆಂದ ಬಿಡಿ, ನಿಯಮದ ಹಾಳೆಯಲ್ಲಿ ಏನಿದೆ? ಲೀಗ್ ಶುರು ಆಗೋ ಮುಂಚೆ ಬರೆದಿದ್ದೇ ಲೆಕ್ಕ. ಇದನ್ನು ಎಕ್ಸೆಲ್ ಹೇಳಲ್ಲ.

ಕಲಬುರಗಿ ಗೋಲಿ:
ಗೆದ್ದರೆ 3, ಡ್ರಾ ಆದರೆ 1 ಅಂತ ಇದೆ. ಅಂಕ ಸಮ ಆದರೆ ಏನು ಅಂತ ಬರೆದೇ ಇಲ್ಲ.

ಬೀದರ್ ಲೆಕ್ಕಿಗ:
ಹಾಗಾದರೆ ಈಗ ಯಾವ ನಿಯಮ ಹಾಕಿದರೂ ಒಬ್ಬರಿಗೆ ಬೇಕಂತಲೇ ಮಾಡಿದ ಹಾಗೆ ಕಾಣುತ್ತೆ. ಇನ್ನೊಂದು ಪಂದ್ಯ ಆಡಿಸಿಬಿಡಿ. 1964ರಲ್ಲಿ ಇಟಲಿಯಲ್ಲಿ ಬೊಲೋನ್ಯ, ಇಂಟರ್ ಎರಡಕ್ಕೂ 54 ಅಂಕ ಬಂದಾಗ ರೋಮ್‌ನಲ್ಲಿ ಒಂದು ಪಂದ್ಯ ಆಡಿಸಿದರು, ಬೊಲೋನ್ಯ 2-0 ಗೆದ್ದು ಕಪ್ ಒಯ್ದಿತು. 2022-23ರಿಂದ ಮೊದಲ ಸ್ಥಾನಕ್ಕೆ ಮತ್ತೆ ಅದೇ ನಿಯಮ ತಂದಿದ್ದಾರೆ. ಮುಂದಿನ ವರ್ಷ ಮಾತ್ರ ಮೂರು ತಂಡ ಸಮ ಆದರೆ ಏನು ಅನ್ನೋದನ್ನೂ ಸೇರಿಸಿ ಬರೆದು, ಎಲ್ಲ ಕ್ಯಾಪ್ಟನ್‌ಗಳ ಸಹಿ ಹಾಕಿಸಿ.

ಕಲಬುರಗಿ ಗೋಲಿ:
ಕೇಳಿದೆ, ಇಬ್ಬರೂ ಒಪ್ಪಿದರು. ಭಾನುವಾರ ಬೆಳಿಗ್ಗೆ 6:30ಕ್ಕೆ, ನಮ್ಮ ಬಿಸಿಲು ಗೊತ್ತಲ್ವಾ. ಈ ಪಂದ್ಯದ ಗೋಲನ್ನು ಟೇಬಲ್‌ಗೆ ಹಾಕಬೇಕಾ?

ಬೀದರ್ ಲೆಕ್ಕಿಗ:
ಬೇಡ, ಬೇರೆ ಶೀಟ್‌ನಲ್ಲಿ ಇಡಿ. ಟಾಪ್ ಸ್ಕೋರರ್ ಲೆಕ್ಕಕ್ಕೂ ಸೇರಿಸಬೇಡಿ, ಸೇರಿಸಲ್ಲ ಅನ್ನೋದನ್ನು ಪಂದ್ಯಕ್ಕೆ ಮುಂಚೆಯೇ ಗ್ರೂಪ್‌ನಲ್ಲಿ ಹಾಕಿ.